ತುಕ್ಕು ಹಿಡಿದ ಎಂಜಿ: ಉಳಿಸಬೇಕೆ, ಬಿಚ್ಚಬೇಕೆ?

ಪುಣೆಯ ಸದಾಶಿವ ಪೇಠದಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ಗಂಟೆಯವರೆಗೆ ಯಾರ ಮನೆಯ ಬೆಲ್ಲನ್ನೂ ಒತ್ತಬಾರದು. ಹನ್ನೊಂದು ವರ್ಷದಿಂದ ಇಲ್ಲಿ ಬಾಡಿಗೆಗಿರುವ ನನಗೆ ಈ ನಿಯಮ ಚೆನ್ನಾಗಿ ಗೊತ್ತು. ಆದರೆ ಕಳೆದ ವರ್ಷ ಯುಗಾದಿ ಕಳೆದ ಮೊದಲ ಭಾನುವಾರ, ಸರಿಯಾಗಿ ಎರಡು ಗಂಟೆಗೆ ನಮ್ಮ ಮನೆಯ ಬೆಲ್ಲು ಬಾರಿಸಿತು. ಬಾಗಿಲಲ್ಲಿ ಎದುರು ವಾಡೆಯ ಆಜಿ ನಿಂತಿದ್ದರು. ಎಂಬತ್ತು ದಾಟಿದ ಜೀವ.

‘ವಾಡೆ ಬಿಲ್ಡರಿಗೆ ಹೋಯಿತು. ಮಳೆಗಾಲಕ್ಕೆ ಮುಂಚೆ ಖಾಲಿ ಮಾಡಬೇಕು. ನೀನು ಗಾಡಿ ಕಂಪನಿಯವನಲ್ಲವೇ? ನಮ್ಮ ಯಜಮಾನರ ಗಾಡಿ ಇದೆ, ಬಂದು ನೋಡು. ಬೇಕಿದ್ದರೆ ತೆಗೆದುಕೊಂಡು ಹೋಗು. ಬೇಡವಾದರೆ ಗುಜರಿಯವನಿಗೆ ಹೇಳುತ್ತೇನೆ’ ಎಂದರು.

‘ದುಡ್ಡು ಎಷ್ಟು ಆಜಿ?’ ಎಂದೆ.

‘ನೋಡಿದ ಮೇಲೂ ದುಡ್ಡಿನ ಮಾತಾಡುವ ಧೈರ್ಯ ಉಳಿದಿದ್ದರೆ ಆಗ ಮಾತಾಡೋಣ.’

ವಾಡೆಯ ಹಿಂದಿನ ಚೌಕದಲ್ಲಿ, ತಗಡಿನ ಮಾಡಿನ ಕೆಳಗೆ, ಮುರಿದ ಕಪಾಟು ಮತ್ತು ಗಣಪತಿ ಮಂಟಪದ ಬಿದಿರುಗಳ ಹಿಂದೆ ಅದು ನಿಂತಿತ್ತು. 1951ರ ಎಂಜಿ ಟಿಡಿ. ಎರಡೇ ಸೀಟು, ಹಿಂದಕ್ಕೆ ತೆರೆಯುವ ಬಾಗಿಲು, ಬೆನ್ನಿಗೆ ಕಟ್ಟಿಕೊಂಡ ಪೆಟ್ರೋಲ್ ಟ್ಯಾಂಕು, ಅದರ ಮೇಲೆ ಸ್ಟೆಪ್ನಿ. ಒಂದು ಕಾಲಕ್ಕೆ ಕೆಂಪು ಬಣ್ಣವಿತ್ತಂತೆ. ಈಗ ಬಣ್ಣ ಯಾವುದು, ತುಕ್ಕು ಯಾವುದು ಎಂದು ಹೇಳುವುದು ಕಷ್ಟ. 1979ರಲ್ಲಿ ಸೈಲೆನ್ಸರ್ ತೂತಾಯಿತು ಎಂದು ನಿಲ್ಲಿಸಿದ್ದು. ‘ಮುಂದಿನ ತಿಂಗಳು ಹೊರಗೆ ತೆಗೆಯೋಣ’ ಎಂದು ಯಜಮಾನರು ತಾವು ಬದುಕಿರುವವರೆಗೂ ಹೇಳುತ್ತಿದ್ದರಂತೆ.

ಅಷ್ಟೇ ಆಗಿದ್ದರೆ ನಾನು ಕೈಮುಗಿದು ಬರುತ್ತಿದ್ದೆ. ಆದರೆ ಪಕ್ಕದ ಮರದ ಕಂಬಕ್ಕೆ ಒಂದು ಹಳೆಯ ನಂಬರ್ ಪ್ಲೇಟ್ ಹೊಡೆದಿತ್ತು. ‘ಎಂವೈ’ ಎಂದು ಶುರುವಾಗುವ ಹಳೆಯ ಮೈಸೂರು ರಾಜ್ಯದ ನಂಬರು. ಎಲ್ಲಿಂದ ತಂದದ್ದು ಎಂದು ಕೇಳಿದೆ. 1966ರಲ್ಲಿ ಚಿಕ್ಕಮಗಳೂರಿನ ಕಾಫಿ ಎಸ್ಟೇಟಿನ ಒಬ್ಬರಿಂದ ಕೊಂಡು, ಯಜಮಾನರು ತಾವೇ ಓಡಿಸಿಕೊಂಡು ಬಂದರಂತೆ.

ನಾನು ಚಿಕ್ಕಮಗಳೂರಿನವನು. ನನ್ನಪ್ಪ 1958ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಅಲ್ಲಿನ ಗ್ಯಾರೇಜೊಂದಕ್ಕೆ ಕೆಲಸಕ್ಕೆ ಸೇರಿದವರು. ಎಸ್ಟೇಟಿನವರ ಮಾರಿಸ್, ಆಸ್ಟಿನ್, ಲ್ಯಾಂಡ್‌ರೋವರ್‌ಗಳೇ ಅವರ ಅನ್ನ. ಈ ಕಾರನ್ನು ಅವರು ಮುಟ್ಟಿದ್ದರೇ? ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಅವರು ಹೋಗಿ ನಾಲ್ಕು ವರ್ಷವಾಯಿತು. ಆದರೆ ‘ಮುಟ್ಟಿರಬಹುದು’ ಎಂಬ ಒಂದು ಪದ ನನ್ನನ್ನು ಎರಡು ತಿಂಗಳು ನಿದ್ದೆ ಮಾಡಲು ಬಿಡಲಿಲ್ಲ.

ಹೊರನಾಡಿನಲ್ಲಿರುವ ನಮಗೆ ಇದೊಂದು ಕಾಯಿಲೆ. ಊರಲ್ಲಿದ್ದಾಗ ತಿರುಗಿಯೂ ನೋಡದ ವಸ್ತು ಇಲ್ಲಿ ಕಂಡರೆ ಕರುಳು ಚುರುಕ್ ಎನ್ನುತ್ತದೆ. ಆದ್ದರಿಂದಲೇ ಈ ಲೇಖನ. ಪೂರ್ತಿ ಹಾಳಾದ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದನ್ನು ಮತ್ತೆ ಕಟ್ಟುವುದು ಯೋಗ್ಯವೇ? ನಾನು ತಲುಪಿದ ಉತ್ತರ ಹಳೆ ಕಾರಿನ ಪ್ರೇಮಿಗಳಿಗೂ ರುಚಿಸಲಿಕ್ಕಿಲ್ಲ, ಗುಜರಿಗೆ ಹಾಕು ಎನ್ನುವವರಿಗೂ ರುಚಿಸಲಿಕ್ಕಿಲ್ಲ.

ಮೊದಲು ಕಾರಿನ ವಿಚಾರ. ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್, ಆಕ್ಸ್‌ಫರ್ಡಿನಲ್ಲಿ ಹುಟ್ಟಿದ್ದು. ಹತ್ತಿರದ ಅಬಿಂಗ್ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ಈಗ ನಮ್ಮ ರಸ್ತೆಗಳಲ್ಲಿ ಓಡಾಡುವ ಹೆಕ್ಟರ್ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುವುದು. ಹೆಸರಿನ ಒಡೆತನ ಚೀನಾದ ಕಂಪನಿಯದು, ಇಲ್ಲಿನ ಪಾಲುದಾರರು ನಮ್ಮ ತೋರಣಗಲ್ಲಿನಲ್ಲಿ ಉಕ್ಕು ಮಾಡುವ ಜೆಎಸ್‌ಡಬ್ಲ್ಯು. ‘ಹೆಕ್ಟರ್ ಇದರ ಮೊಮ್ಮಗನಾ?’ ಎಂದು ಮಗಳು ಕೇಳಿದಳು. ದತ್ತು ಮೊಮ್ಮಗ ಎಂದೆ.

ಟಿಡಿ ತಯಾರಾದದ್ದು 1949ರ ಕೊನೆಯಿಂದ 1953ರವರೆಗೆ, ಸುಮಾರು 30 ಸಾವಿರ. ಬಹುಪಾಲು ಅಮೆರಿಕಕ್ಕೆ ಹೋದವು. 1250 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್. ಕೆಳಗೆ ಉಕ್ಕಿನ ಚಾಸಿ ಇದ್ದರೂ ಮೇಲಿನ ಬಾಡಿಯ ಅಸ್ಥಿಪಂಜರ ಮರದ್ದು. ಕ್ರಿಕೆಟ್ ಸ್ಟಂಪು ಮಾಡುವ ಆ್ಯಷ್ ಮರದ ಚೌಕಟ್ಟಿಗೆ ತಗಡು ಬಡಿದು ಬಾಡಿ ಮಾಡುತ್ತಿದ್ದರು. ಇಂಗ್ಲೆಂಡಿನಲ್ಲಿ ಈ ಮರಕ್ಕೆ ಶತ್ರು ತೇವ ಮಾತ್ರ. ಇಲ್ಲಿ ತೇವದ ಜೊತೆಗೆ ಗೆದ್ದಲು. ಆಜಿಯ ಕಾರಿನ ಬಾಗಿಲನ್ನು ನಾನು ಮೆಲ್ಲಗೆ ಎಳೆದಾಗ ಹಿಂಜ್ ಸಮೇತ ಕೈಗೆ ಬಂತು. ಹಿಂಜ್ ಕಚ್ಚಿಕೊಂಡಿದ್ದ ಮರದ ಜಾಗದಲ್ಲಿ ಮಣ್ಣಿತ್ತು.

ಹಳೆ ಕಾರು ಕಟ್ಟುವವರು ಹೇಳುವ ಪರೀಕ್ಷೆ ಸರಳ. ಎಂಜಿನ್ ಮೊದಲು ನೋಡಬೇಡ, ಚಾಸಿ ನೋಡು. ಎಂಜಿನ್ ಜಾಮ್ ಆಗಿದ್ದರೆ ಪ್ಲಗ್ಗಿನ ತೂತಿನಿಂದ ಎಣ್ಣೆ ಬಿಟ್ಟು ವಾರಗಟ್ಟಲೆ ಕಾದರೆ ಬಿಡಬಹುದು, ಬಿಡದಿದ್ದರೂ ಕೊರೆಸಿ ತೋಳು ಹಾಕಬಹುದು. ಆದರೆ ಟಿಡಿಯಂಥ ಕಾರಿನ ಚಾಸಿ ಪೆಟ್ಟಿಗೆಯಂತೆ ಟೊಳ್ಳು. ನೀರು ಒಳಗೆ ಸೇರಿದರೆ ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬರುತ್ತದೆ, ಹೊರಗೆ ಕಾಣುವ ಹೊತ್ತಿಗೆ ಒಳಗೆ ಎಲ್ಲ ಮುಗಿದಿರುತ್ತದೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಬೇಕು. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಸತ್ತ ಉಕ್ಕು ಥಪ್ ಎನ್ನುತ್ತದೆ. ನಮ್ಮದು ಮುಂದುಗಡೆ ಠಣ್ ಎಂದಿತು. ಹಿಂದಿನ ಆಕ್ಸಲ್ಲಿನ ಮೇಲೆ ಚಾಸಿ ಬಾಗುವ ಜಾಗದಲ್ಲಿ ಸುತ್ತಿಗೆ ಒಳಗೇ ಹೋಯಿತು.

ಆದರೂ ನಾನು ಬಿಡಲಿಲ್ಲ. ಏಕೆಂದರೆ ‘ಬಿಡಿಭಾಗ ಸಿಗುವುದಿಲ್ಲ’ ಎಂಬ ನೆಪ ಈ ಕಾರಿಗಿಲ್ಲ. ಟಿಡಿಗೆ ಬೇಕಾದ ಮರದ ಚೌಕಟ್ಟಿನಿಂದ ಹಿಡಿದು ಗಡಿಯಾರದ ಗಾಜಿನವರೆಗೆ ಎಲ್ಲವೂ ಇಂದಿಗೂ ಬ್ರಿಟನ್, ಅಮೆರಿಕದಲ್ಲಿ ಹೊಸದಾಗಿ ಸಿಗುತ್ತದೆ. ಇದರ ನಂತರ ಬಂದ ಎಂಜಿಬಿಗಂತೂ 1988ರಿಂದ ಇಡೀ ಬಾಡಿಶೆಲ್ಲನ್ನೇ ಹೊಸದಾಗಿ ಮಾಡಿ ಮಾರುತ್ತಿದ್ದಾರೆ. ಅಂದರೆ ಎಷ್ಟೇ ಹಾಳಾಗಿರಲಿ, ದುಡ್ಡಿದ್ದರೆ ಕಟ್ಟಬಹುದು. ಬಲೆ ಇರುವುದೇ ಇಲ್ಲಿ. ‘ಸಾಧ್ಯವೇ?’ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರ ಸಿಕ್ಕ ಕೂಡಲೇ ‘ಯೋಗ್ಯವೇ?’ ಎಂಬ ಪ್ರಶ್ನೆಯನ್ನು ನಾವು ಮರೆತುಬಿಡುತ್ತೇವೆ.

ನಾನು ಒಂದು ಹಾಳೆ ತೆಗೆದುಕೊಂಡು ಕೂತೆ. ವಿಚಾರಿಸಿದ ಬೆಲೆ, ಸಾಗಣೆ, ಸುಂಕ ಎಲ್ಲ ಸೇರಿಸಿ ನನ್ನ ಅಂದಾಜು ಹೀಗೆ ಬಂತು: ಮರ ಮತ್ತು ಬಾಡಿ 6 ಲಕ್ಷ, ಚಾಸಿ ಒಂದೂವರೆ, ಎಂಜಿನ್ ಮೂರೂವರೆ, ಗೇರ್‌ಬಾಕ್ಸ್, ಆಕ್ಸಲ್, ಬ್ರೇಕು 2, ವೈರಿಂಗ್ 1, ಬಣ್ಣ, ಚರ್ಮ, ಟಾಪು, ಕ್ರೋಮು 4. ಒಟ್ಟು 18 ಲಕ್ಷ. ಈ ಕೆಲಸ ಮಾಡಿದ ಒಬ್ಬರಿಗೆ ತೋರಿಸಿದೆ. ‘ಬಂದ ಮೊತ್ತಕ್ಕೆ ಅರ್ಧ ಸೇರಿಸಿ, ಹೇಳಿದ ವರ್ಷಕ್ಕೆ ಇನ್ನೊಂದರಷ್ಟು ಸೇರಿಸಿ’ ಎಂದರು. 27 ಲಕ್ಷ, ನಾಲ್ಕು ವರ್ಷ. ನನ್ನ ಹೆಂಡತಿ ಹಾಳೆಯನ್ನು ಮೇಲಿಂದ ಕೆಳಗೆ ಓದಿ, ‘ಇದರಲ್ಲಿ ಮಗಳ ಕಾಲೇಜಿನ ಫೀಸು ಯಾವ ಸಾಲಿನಲ್ಲಿದೆ?’ ಎಂದಳು.

ಇಷ್ಟು ಸುರಿದರೆ ಮಾರುವಾಗ ವಾಪಸು ಬರುತ್ತದೆಯೇ? ಶ್ರೀಮಂತರ ಹರಾಜಿನ ಸುದ್ದಿ ಓದಿ ಹಾಗೆ ನಂಬುವವರಿದ್ದಾರೆ. ಆ ಬೆಲೆ ಬರುವುದು ಅಪರೂಪದ, ಚರಿತ್ರೆಯಿರುವ, ಕಾಗದ ಸರಿಯಿರುವ ಕಾರುಗಳಿಗೆ. 30 ಸಾವಿರದಲ್ಲಿ ಒಂದಾದ ಟಿಡಿಗೆ, ಅದೂ ಪೂರ್ತಿ ಕೊಳೆತದ್ದಕ್ಕೆ, ಹಾಕಿದ ದುಡ್ಡು ಹಿಂದೆ ಬರುವ ಲೆಕ್ಕ ನನಗೆ ಎಲ್ಲಿಯೂ ಕಾಣಲಿಲ್ಲ. ತಲೆಗಿಂತ ಮುಂಡಾಸು ಭಾರ. ಚೆನ್ನಾಗಿರುವ ಕಾರು ಬೇಕೆಂದರೆ, ಯಾರೋ ಈಗಾಗಲೇ ಸೋತು ಕಟ್ಟಿದ ಕಾರನ್ನು ಕೊಳ್ಳುವುದೇ ಅಗ್ಗ.

ಮುಂದಿನದು ಕಾಗದ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ಕೊಟ್ಟಿತು. ರಾಜ್ಯದ ಅಕ್ಷರಗಳ ಮುಂದೆ ‘ವಿಎ’ ಎಂದು ಬರುವ ನಂಬರು, 20 ಸಾವಿರ ರೂಪಾಯಿ ಶುಲ್ಕ, 10 ವರ್ಷದ ಅವಧಿ, ನವೀಕರಣಕ್ಕೆ 5 ಸಾವಿರ. ಪ್ರದರ್ಶನ, ರ್‍ಯಾಲಿ, ದುರಸ್ತಿ, ಪೆಟ್ರೋಲಿಗಾಗಿ ರಸ್ತೆಗೆ ತರಬಹುದು, ದಿನಾ ಆಫೀಸಿಗೆ ಓಡಿಸುವಂತಿಲ್ಲ. ಒಳ್ಳೆಯ ನಿಯಮ. ಆದರೆ ಎರಡು ಷರತ್ತು ಗಮನಿಸಿ. ಇಲ್ಲಿ ಮೊದಲೇ ನೋಂದಣಿಯಾದ ವಾಹನಕ್ಕೆ ಹಳೆಯ ಆರ್‌ಸಿ ತೋರಿಸಬೇಕು. ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಆಜಿಯ ಟ್ರಂಕುಗಳನ್ನೆಲ್ಲ ಜಾಲಾಡಿದರೂ ಆರ್‌ಸಿ ಪುಸ್ತಕ ಸಿಗಲಿಲ್ಲ. ‘ಅದಕ್ಕೇನು, ಗುಜರಿಯಾದ ಇನ್ನೊಂದು ಕಾರಿನ ಕಾಗದ ಹಾಕಿಕೊಳ್ಳಿ, ಎಲ್ಲರೂ ಮಾಡುವುದೇ’ ಎಂದು ಒಬ್ಬ ಮಹಾಶಯರು ಸಲಹೆ ಕೊಟ್ಟರು. ಚಾಸಿ ನಂಬರು ಕೆತ್ತಿ ಬದಲಿಸುವುದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ಸುಳ್ಳು ನಂಬರು ಹಾಕಿದ ಮೇಲೆ ಉಳಿಸಿದ್ದು ಯಾವ ಕಾರನ್ನು?

ಆ ಪ್ರಶ್ನೆ ನನ್ನನ್ನು ಇನ್ನೂ ಮುಂದಕ್ಕೆ ಕರೆದೊಯ್ದಿತು. ಕಾಗದ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಮರ ಹೊಸದು, ತಗಡು ಹೊಸದು, ಚಾಸಿಯ ಹಿಂಭಾಗ ಹೊಸದು, ಸೀಟು, ವೈರು, ಬಣ್ಣ ಎಲ್ಲ ಹೊಸದು. ಅಪ್ಪ ಮುಟ್ಟಿರಬಹುದಾದ ಕಾರು ಎಂದು ತಾನೇ ನಾನು ಇದನ್ನು ಬಯಸಿದ್ದು? ಅವರು ಮುಟ್ಟಿರಬಹುದಾದ ಎಲ್ಲವನ್ನೂ ಕಿತ್ತು ಬಿಸಾಕಿದ ಮೇಲೆ ಉಳಿಯುವುದೇನು?

ನಮ್ಮಲ್ಲಿ ಇದಕ್ಕೊಂದು ಪದವಿದೆ, ಜೀರ್ಣೋದ್ಧಾರ. ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸುವುದು. ಆದರೆ ಊರೂರಿನಲ್ಲಿ ಅದರ ಹೆಸರಿನಲ್ಲಿ ಏನಾಗಿದೆ ನೋಡಿ. ಕಲ್ಲಿನ ಗುಡಿಯ ಕಂಬಕ್ಕೆ ಆಯಿಲ್ ಪೇಂಟು, ನೆಲಕ್ಕೆ ಹೊಳೆಯುವ ಟೈಲ್ಸು, ದಾನಿಗಳ ಹೆಸರಿನ ಗ್ರಾನೈಟು. ಹಾಗೆಂದು ಬದಲಾಯಿಸಲೇಬಾರದು ಎಂದಲ್ಲ. ತೇರಿಗೆ ಕಾಲಕಾಲಕ್ಕೆ ಹೊಸ ಗಾಲಿ ಹಾಕುತ್ತಾರೆ, ಯಾರೂ ಅದನ್ನು ಬೇರೆ ತೇರು ಎನ್ನುವುದಿಲ್ಲ. ಏಕೆಂದರೆ ಅದನ್ನು ಎಳೆಯುವುದು ನಿಂತಿಲ್ಲ, ಗಾಲಿ ಕೆತ್ತುವ ಕೈ ತಪ್ಪಿಲ್ಲ. ನಲವತ್ತೈದು ವರ್ಷ ನಿಂತ ಕಾರಿಗೆ ಆ ಮಾತು ಒಪ್ಪುವುದಿಲ್ಲ.

ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ವಿಶ್ರಾಮಬಾಗ್ ವಾಡಾ ಇದೆ. ಎರಡನೇ ಬಾಜೀರಾಯ 1807ರಲ್ಲಿ ಕಟ್ಟಿಸಿದ್ದು. 1879ರ ಬೆಂಕಿಯಲ್ಲಿ ಒಂದು ಭಾಗ ಸುಟ್ಟುಹೋಯಿತು, ಮತ್ತೆ ಕಟ್ಟಿದರು. ಕಟ್ಟಿದ್ದು ಸರಿ, ಏಕೆಂದರೆ ಅದು ಒಂದೇ. ಒಂದೇ ಉಳಿದದ್ದಾದರೆ ಅದರ ಬೂದಿಯೂ ಅಮೂಲ್ಯ. ಆದರೆ ಚೆನ್ನಾಗಿರುವ ಟಿಡಿಗಳು ಜಗತ್ತಿನಲ್ಲಿ ಸಾವಿರಾರಿವೆ. ನಮ್ಮ ದೇಶದಲ್ಲೇ ಇವೆ. ಅವುಗಳಲ್ಲಿ ಎಷ್ಟೋ ಒಂದು ಸಿಲಿಂಡರ್ ಹೆಡ್, ಒಂದು ಗೇರ್‌ಬಾಕ್ಸ್ ಇಲ್ಲದೆ ಹೊದಿಕೆಯ ಕೆಳಗೆ ಕಾಯುತ್ತಿವೆ.

ಹೋಲಿಕೆಗೆ ನಮ್ಮದೇ ಉದಾಹರಣೆ ಕೊಡುತ್ತೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಬೈಕು ಮಾಡಿತು. ಊರಿನ ಕೊಟ್ಟಿಗೆಯಲ್ಲಿ ಅಪ್ಪನ ಯೆಜ್ಡಿ ಬಿದ್ದಿದ್ದರೆ ಧಾರಾಳವಾಗಿ ಕಟ್ಟಿಸಿ. ಅದನ್ನು ಬಲ್ಲ ಮೆಕ್ಯಾನಿಕ್‌ಗಳು ಮೈಸೂರು, ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ, ಸಾಮಾನು ಸಿಗುತ್ತದೆ, ಹೊರುವಷ್ಟು ಖರ್ಚು, ಕಟ್ಟಿದ ಮೇಲೆ ನೀವೇ ಓಡಿಸುತ್ತೀರಿ. ಕೈಗಳಿರುವ ಕಡೆ ಕಟ್ಟುವುದು ಆ ಕೈಗಳನ್ನೂ ಉಳಿಸುತ್ತದೆ. ಎಂಜಿಯ ತಗಡು ಬಡಿಯಬಲ್ಲ ಒಬ್ಬರನ್ನು ನಾನು ಪುಣೆಯಲ್ಲಿ ಹುಡುಕಿದೆ. ಎಪ್ಪತ್ತರ ಹತ್ತಿರದವರು. ‘ಮಾಡಿಕೊಡುತ್ತೇನೆ, ಆದರೆ ಪಕ್ಕದಲ್ಲಿ ನಿಂತು ಕಲಿಯುವ ಹುಡುಗನೊಬ್ಬನನ್ನು ಕೊಡು’ ಎಂದರು. ಅವರ ಮಾತು ನನ್ನ ಹಾಳೆಯ ಎಲ್ಲ ಲೆಕ್ಕಕ್ಕಿಂತ ದೊಡ್ಡದಾಗಿತ್ತು. ಒಬ್ಬ ಹುಡುಗನಿಗೆ ಆ ವಿದ್ಯೆ ದಾಟುವುದಾದರೆ 27 ಲಕ್ಷವೂ ದಂಡವಲ್ಲ. ಆದರೆ ಹುಡುಗನಿಗೆ ನಾಲ್ಕು ವರ್ಷ ಸಂಬಳ ಕೊಡುವ ಶಕ್ತಿ ನನಗಿರಲಿಲ್ಲ.

ಕೊನೆಗೆ ತೀರ್ಮಾನ ಮಾಡಿಸಿದ್ದು ಅಮ್ಮ. ಚಿಕ್ಕಮಗಳೂರಿನಿಂದ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ಹೇಳಿದರು: ‘ನಿಮ್ಮಪ್ಪ ಕಂಡವರ ಕಾರು ರಿಪೇರಿ ಮಾಡಿ ನಿನ್ನನ್ನು ಓದಿಸಿದರು. ನೀನು ಮಗಳನ್ನು ಓದಿಸೋ ದುಡ್ಡಲ್ಲಿ ಕಂಡವರ ಕಾರು ರಿಪೇರಿ ಮಾಡ್ತೀಯಾ?’ ಸ್ವಲ್ಪ ಹೊತ್ತು ಬಿಟ್ಟು, ‘ಅವರ ಸ್ಪ್ಯಾನರ್ ಚೀಲ ನಿನ್ನ ಹತ್ರಾನೇ ಇದೆಯಲ್ಲ, ಅದನ್ನಾದರೂ ತೆಗಿ’ ಎಂದರು.

ಅಟ್ಟದಲ್ಲಿತ್ತು. ಕ್ಯಾನ್ವಾಸಿನ ಸುರುಳಿಯಲ್ಲಿ ಹನ್ನೆರಡು ವಿಟ್‌ವರ್ತ್ ಸ್ಪ್ಯಾನರ್. ಜೋಸೆಫ್ ವಿಟ್‌ವರ್ತ್ 1841ರಲ್ಲಿ ರೂಪಿಸಿದ ಅಳತೆ. ಕಾಲಿಂಚು ಎಂದು ಬರೆದಿದ್ದರೆ ಸ್ಪ್ಯಾನರಿನ ಬಾಯಿ ಕಾಲಿಂಚಲ್ಲ, ಕಾಲಿಂಚಿನ ಬೋಲ್ಟಿಗೆ ಹೊಂದುವ ಬಾಯಿ ಎಂದರ್ಥ. ಇಂದಿನ ಯಾವ ಗಾಡಿಗೂ ಅದು ಕೂರುವುದಿಲ್ಲ. ಚಾಕಣದ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಎಂಜಿನಿಯರ್ ಆಗಿಯೂ ನಾನು ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಎಂಜಿಯ ಈ ಎಂಜಿನ್ನಿನದು ಇನ್ನೂ ವಿಚಿತ್ರ. ಅದನ್ನು ಮಾಡಿದ ಕಾರ್ಖಾನೆ ಮೊದಲು ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯದಾಗಿತ್ತು. ಯಂತ್ರಗಳೂ ಫ್ರಾನ್ಸಿನವು, ಹಾಗಾಗಿ ಬೋಲ್ಟಿನ ಮರೆ ಮೆಟ್ರಿಕ್. ಬ್ರಿಟಿಷ್ ಮೆಕ್ಯಾನಿಕ್ಕಿನ ಸ್ಪ್ಯಾನರ್ ಹಿಡಿಯಲೆಂದು ತಲೆ ಮಾತ್ರ ವಿಟ್‌ವರ್ತ್. ಫ್ರೆಂಚ್ ಮೈಗೆ ಇಂಗ್ಲಿಷ್ ತಲೆ. ಅಪ್ಪ ಇದನ್ನು ಹೇಳಿ ನಗುತ್ತಿದ್ದುದು ನೆನಪಿತ್ತು, ಅರ್ಥವಾಗಿರಲಿಲ್ಲ.

ಆರು ಭಾನುವಾರ ನಾನೂ ಮಗಳೂ ಆ ಕಾರನ್ನು ಬಿಚ್ಚಿದೆವು. ಮಧ್ಯಾಹ್ನ ಒಂದರಿಂದ ನಾಲ್ಕು ಸುತ್ತಿಗೆ ಬಂದ್, ಆಜಿಯ ಅಪ್ಪಣೆ. ಪ್ರತಿ ಭಾಗಕ್ಕೂ ಚೀಟಿ, ಪ್ರತಿ ನಟ್ಟಿಗೂ ಡಬ್ಬಿ, ಫೋಟೊ. ಬ್ಲಾಕು ಹೋಗಿತ್ತು. ಸಿಲಿಂಡರ್ ಹೆಡ್‌ನಲ್ಲಿ ಬಿರುಕಿರಲಿಲ್ಲ, ಈ ಎಂಜಿನ್‌ಗಳಲ್ಲಿ ಅದೇ ದೊಡ್ಡ ಭಾಗ್ಯ. ಎರಡು ಕಾರ್ಬ್ಯುರೇಟರ್, ಗೇರ್‌ಬಾಕ್ಸ್, ಸ್ಟೀರಿಂಗ್, ಮೀಟರುಗಳು, ಗ್ರಿಲ್ ಗಟ್ಟಿಯಿದ್ದವು. ಪುಣೆಯ ಕನ್ನಡ ಬಳಗದ ಗೆಳೆಯರೊಬ್ಬರ ಮೂಲಕ ಬೆಳಗಾವಿಯಲ್ಲಿ ಟಿಡಿ ಇಟ್ಟುಕೊಂಡಿರುವ ಒಬ್ಬರ ಪರಿಚಯವಾಯಿತು. ಕಾಗದ ಸರಿಯಿದೆ, ಚಾಸಿ ಗಟ್ಟಿಯಿದೆ, ಹೆಡ್ ಸೀಳಿ ಆರು ವರ್ಷದಿಂದ ನಿಂತಿದೆ. ಟೆಂಪೊ ಮಾಡಿಕೊಂಡು ಬಂದು ಎಲ್ಲವನ್ನೂ ಒಯ್ದರು. ಬೆಲೆಯನ್ನು ಆಜಿಯ ಕೈಗೇ ಕೊಟ್ಟರು. ಉಳಿದದ್ದು ಗುಜರಿಗೆ ಹೋಯಿತು. ಅಪ್ಪನ ಸ್ಪ್ಯಾನರ್ ಚೀಲವನ್ನೂ ನಾನು ಟೆಂಪೊದಲ್ಲಿ ಇಟ್ಟೆ. ಇಡುವಾಗ ಕೈ ಹಿಂದೆ ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಮಗಳು ಅದರಿಂದ ಅರ್ಧ ಇಂಚಿನದೊಂದನ್ನು ತೆಗೆದಿಟ್ಟುಕೊಂಡಳು.

ನಿಮ್ಮಲ್ಲಿ ಯಾರಿಗಾದರೂ ಇಂಥ ಕಾರು ಎದುರಾದರೆ ಕೇಳಬೇಕಾದ್ದು ಮೂರೇ ಮಾತು. ಚಾಸಿ ಗಟ್ಟಿಯಿದೆಯೇ? ಕಾಗದ ಸತ್ಯವಿದೆಯೇ? ಮಾಡುವ ಕೈ, ಅದರಿಂದ ಕಲಿಯುವ ಕೈ ಇದೆಯೇ? ಮೂರೂ ಇದ್ದರೆ ಲಾಭದ ಲೆಕ್ಕ ಬಿಟ್ಟು ಕಟ್ಟಿ, ಅದು ಒಳ್ಳೆಯ ಖರ್ಚು. ಎರಡಿದ್ದರೆ ಮಾಡು ಕಟ್ಟಿ, ಎಣ್ಣೆ ಹಾಕಿ, ಒಣಗಿದ ಜಾಗದಲ್ಲಿ ನಿಲ್ಲಿಸಿ, ಮೂರನೆಯದಕ್ಕೆ ಕಾಯಿರಿ. ಚಾಸಿಯೂ ಇಲ್ಲ, ಕಾಗದವೂ ಇಲ್ಲ ಎಂದಾದರೆ ಬಿಚ್ಚಿ. ಗುಜರಿಯವನ ಸುತ್ತಿಗೆಗೆ ಕೊಡಬೇಡಿ, ನೀವೇ ಕೂತು ಜೋಪಾನವಾಗಿ ಬಿಚ್ಚಿ, ಓಡಬಲ್ಲ ಇನ್ನೊಂದಕ್ಕೆ ಕೊಡಿ. ಊರಿನಲ್ಲಿ ಬೀಗ ಹಾಕಿದ ಮನೆ ಇರುವವರಿಗೂ ನನಗೆ ಇದಕ್ಕಿಂತ ಬೇರೆ ಹೇಳಲು ತೋಚುವುದಿಲ್ಲ. ಸೂರು ಬಿದ್ದ ಮೇಲೆ ಫೋಟೊ ನೋಡಿ ಅಳುವ ಬದಲು, ಗಟ್ಟಿಯಿರುವಾಗಲೇ ಅದರ ತೊಲೆ, ಬಾಗಿಲು ಯಾರಿಗೆ ಬೇಕೆಂದು ಕೇಳುವುದು ಒಳ್ಳೆಯದು.

ವಾಡೆ ಮಳೆಗಾಲಕ್ಕೆ ಮುಂಚೆ ಉರುಳಿತು. ಆಜಿ ಈಗ ಮಗನ ಜೊತೆ ಕೋಥರೂಡಿನಲ್ಲಿದ್ದಾರೆ. ದೀಪಾವಳಿಯ ಹೊತ್ತಿಗೆ ಬೆಳಗಾವಿಯಿಂದ ಫೋನು ಬಂತು, ಎಂಜಿನ್ ಶುರುವಾಗಿತ್ತು. ನಾನು ಕೋಥರೂಡಿಗೆ ಹೋಗಿ ಆಜಿಗೆ ಆ ವಿಡಿಯೊ ತೋರಿಸಿದೆ, ಧ್ವನಿ ಪೂರ್ತಿ ಏರಿಸಿ ಕಿವಿಯ ಹತ್ತಿರ ಹಿಡಿದೆ. ಎರಡು ಸಲ ಕೇಳಿದರು.

‘ಇದು ನಮ್ಮ ಗಾಡಿಯ ಸದ್ದಲ್ಲ’ ಎಂದರು. ‘ನಮ್ಮದರ ಸೈಲೆನ್ಸರ್ ತೂತಾಗಿತ್ತು.’

ಆಮೇಲೆ ಫೋನನ್ನು ವಾಪಸು ಕೊಡದೆ ಮೂರನೇ ಸಲ ಹಾಕು ಎಂದರು.